ಬಾವಿ ಬೀಳದ ಮೇಣದಬತ್ತಿ: 23 ವಾಪಸ್ ಬಂದ ಮೇಲೆ ಕಲಿತದ್ದು

ಎರಡು ವರ್ಷದ ಹಿಂದಿನ ದೀಪಾವಳಿಗೆ ಸುಮಾರು 180 ಸೆಂಟೆಡ್ ಕ್ಯಾಂಡಲ್, ಅಂದರೆ ಗ್ಲಾಸಿನಲ್ಲಿ ಸುರಿದ ಸುವಾಸನೆಯ ಮೇಣದಬತ್ತಿ, ಮಾರಿದ್ದೆ. ಅದರಲ್ಲಿ ವಾಪಸ್ ಬಂದದ್ದು 23. ಎಲ್ಲದಕ್ಕೂ ಒಂದೇ ರೋಗ. ನಟ್ಟನಡುವೆ ಬಾವಿ ತೋಡಿದ ಹಾಗೆ ಬತ್ತಿ ಕೆಳಗಿಳಿದಿದೆ, ಸುತ್ತ ಮೇಣ ಗೋಡೆಯಂತೆ ನಿಂತಿದೆ. ಅರ್ಧ ಮೇಣವೂ ಉರಿದಿಲ್ಲ. 450 ರೂಪಾಯಿ ಕೊಟ್ಟವರಿಗೆ ಸಿಟ್ಟು ಬರದೆ ಇರುತ್ತದಾ? ಎಲ್ಲರಿಗೂ ಹಣ ವಾಪಸ್ ಕೊಟ್ಟೆ. ಹತ್ತು ಸಾವಿರದ ಮೇಲೆ ಹೋಯಿತು.

ನಾನಿರುವುದು ಮೈಸೂರಿನಲ್ಲಿ. ಮನೆಯ ಹಿಂದಿನ ಕೋಣೆಯೇ ನನ್ನ ಕಾರ್ಖಾನೆ. ಅದಕ್ಕೆ ಮೊದಲು 11 ವರ್ಷ ಅಗರಬತ್ತಿ ಕೆಲಸದಲ್ಲಿ, ಸೆಂಟ್ ಬೆರೆಸುವ ಕಡೆ ಇದ್ದೆ. ವಾಸನೆ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಕೊಬ್ಬು ಇತ್ತು. ಮೊದಲು ಮುಳುಗಿಸಿದ್ದೇ ಅದು. ಅಗರಬತ್ತಿ ಸೆಂಟನ್ನು ಡಿಇಪಿ ಎಂಬ ದ್ರಾವಕ ಹಾಕಿ ತೆಳು ಮಾಡಿರುತ್ತಾರೆ. ಕಡ್ಡಿಗೆ ಅದು ಸರಿ. ಮೇಣಕ್ಕೆ ಹಾಕಿದರೆ ಬತ್ತಿಗೆ ಉಸಿರು ಕಟ್ಟುತ್ತದೆ. ಜ್ವಾಲೆ ಅಕ್ಕಿಕಾಳಿನಷ್ಟಾಗಿ, ಕೊನೆಗೆ ತಾನೇ ಆರುತ್ತಿತ್ತು. ಆರು ಕೆಜಿ ಸೋಯಾ ಮೇಣ ಹಾಗೆ ಹಾಳಾಯಿತು. ಆಗ ಕೆಜಿಗೆ 350 ಇತ್ತು ಅಂತ ನೆನಪು.

ಆಮೇಲೆ ಕ್ಯಾಂಡಲ್‌ಗೆಂದೇ ಮಾಡಿದ ಸೆಂಟ್ ತಂದೆ. ಬಾವಿ ಹೋಗಲಿಲ್ಲ. ನನಗಿಂತ ಮುಂಚೆ ಈ ಕಸುಬಿಗೆ ಇಳಿದ ಗೆಳೆಯನನ್ನು ಕೇಳಿದೆ. "ದಪ್ಪ ಬತ್ತಿ ಹಾಕು ಮಾರಾಯ, ಅಷ್ಟೇ" ಅಂದ. ಹಾಕಿದೆ. ಮೇಣವೇನೋ ಅಂಚಿನವರೆಗೆ ಕರಗಿತು. ಆದರೆ ಬತ್ತಿ ತುದಿಯಲ್ಲಿ ಅಣಬೆ ಥರ ಕರಿ ಗಂಟು ಕಟ್ಟಿತು, ಗ್ಲಾಸಿನ ಬಾಯಿಗೆಲ್ಲ ಮಸಿ. ಗ್ಲಾಸ್ ಮುಟ್ಟಲಾಗದಷ್ಟು ಕಾದಿತ್ತು. 40 ಗಂಟೆ ಉರಿಯಬೇಕಾದದ್ದು 25ಕ್ಕೇ ಮುಗಿಯಿತು. ಅಂಥದ್ದನ್ನು ಮಾರಲು ಮನಸ್ಸು ಬರಲಿಲ್ಲ.

ಮುಂದಿನ ನಾಲ್ಕು ತಿಂಗಳು ಬರೀ ಪ್ರಯೋಗ. ಜೇನುಮೇಣ ಬೆರೆಸಿದರೆ ಗಟ್ಟಿ ಬರುತ್ತದೆ ಅಂತ ಕೊಡಗಿನಿಂದ ಎರಡು ಕೆಜಿ ತರಿಸಿದೆ. ಅದು ಕರಗಲು 62 ಡಿಗ್ರಿ ದಾಟಬೇಕು. ಬಾವಿ ಇನ್ನೂ ಆಳವಾಯಿತು! ಕೊಬ್ಬರಿ ಎಣ್ಣೆ ಹತ್ತು ಪರ್ಸೆಂಟ್ ಹಾಕಿದೆ. ಡಿಸೆಂಬರ್‌ನಲ್ಲಿ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ನೋಡಿದರೆ ಮೇಣದ ಮೇಲೆಲ್ಲ ಬೆವರು. 24 ಡಿಗ್ರಿಗೇ ನೀರಾಗುವ ಎಣ್ಣೆ, ಮೈಸೂರಿನ ಬೇಸಿಗೆಯಲ್ಲಿ ಇನ್ನೇನು ಮಾಡೀತು? ಫಿಲ್ಟರ್ ಕಾಫಿ ವಾಸನೆಯದಕ್ಕೆ ಚೆಂದಕ್ಕೆಂದು ಮೇಲೆ ಕಾಫಿಪುಡಿ ಉದುರಿಸಿದ್ದೆ. ಪುಡಿ ಬತ್ತಿಗೆ ಅಂಟಿ ಕರಟಿತು, ಮನೆ ತುಂಬ ಹೊತ್ತಿದ ವಾಸನೆ. ಒಣಗಿದ ಮಲ್ಲಿಗೆ ಹೂವು ಇಟ್ಟದ್ದಂತೂ ಹೊತ್ತಿಯೇ ಉರಿಯಿತು. ಅದನ್ನು ಮಾತ್ರ ಯಾರೂ ಮಾಡಬೇಡಿ. ಸ್ಟೀಲ್ ಲೋಟದಲ್ಲೂ ಸುರಿದು ನೋಡಿದ್ದೇನೆ. ಸ್ಟೀಲ್ ಬಿಸಿಯಾಗಿ ಮೇಣ ಅಂಚಿನವರೆಗೂ ಬೇಗ ಕರಗುತ್ತದೆ, ನಿಜ. ಆದರೆ ಲೋಟ ಇಟ್ಟಿದ್ದ ಮೇಜಿನ ಪಾಲಿಶ್ ಎದ್ದು ಬಂತು. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಗಂಧದ ವಿಷಯ ಎಲ್ಲರೂ ಕೇಳುತ್ತಾರೆ, "ಒರಿಜಿನಲ್ ಗಂಧದೆಣ್ಣೆನಾ?" ಅಂತ. ಕೆಜಿಗೆ ಲಕ್ಷದ ಮೇಲಿನ ಮಾತು ಅದು. ನನ್ನ ಲೆಕ್ಕಕ್ಕೆ ಒಂದು ಗ್ಲಾಸಿಗೆ 14 ಗ್ರಾಂ ಸೆಂಟ್ ಬೇಕು. ಎಣ್ಣೆಗೇ 1,400 ದಾಟಿತು. 450ಕ್ಕೆ ಹೇಗೆ ಕೊಡಲಿ?

ದಾರಿ ಸಿಕ್ಕಿದ್ದು ಒಂದು ಸಂಜೆ ಕರೆಂಟ್ ಹೋದಾಗ. ಒಂದೇ ಪಾತ್ರೆಯಲ್ಲಿ ಕರಗಿಸಿ, ಒಂದೇ ಬತ್ತಿ ಹಾಕಿ ಸುರಿದ ನಾಲ್ಕು ಗ್ಲಾಸ್ ಹಾಲ್‌ನಲ್ಲಿ ಪರೀಕ್ಷೆಗೆ ಇಟ್ಟಿದ್ದೆ. ಎರಡನ್ನು ಹಿಂದಿನ ರಾತ್ರಿ ಫ್ಯಾನ್ ಕೆಳಗೆ ಒಂದು ಗಂಟೆ ಉರಿಸಿ ಆರಿಸಿದ್ದೆ, ಬಾವಿ ಶುರುವಾಗಿತ್ತು. ಇನ್ನೆರಡನ್ನು ಕರೆಂಟ್ ಹೋದ ಹೊತ್ತಲ್ಲಿ ಬೆಳಕಿಗೆಂದು ಹಚ್ಚಿದೆ. ಫ್ಯಾನ್ ಇಲ್ಲ. ಕರೆಂಟ್ ಬರುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಎರಡರಲ್ಲೂ ಮೇಣ ಅಂಚಿಂದ ಅಂಚಿಗೆ ಕನ್ನಡಿಯಂತೆ ಕರಗಿ ನಿಂತಿತ್ತು! ಆಮೇಲೆ ಅವನ್ನು ಕೊನೆಯವರೆಗೂ ಉರಿಸಿದೆ, ಒಂದಕ್ಕೂ ಬಾವಿ ಬೀಳಲಿಲ್ಲ. ಮೊದಲ ಸಲ ಎಲ್ಲಿವರೆಗೆ ಕರಗುತ್ತದೋ, ಮುಂದೆಯೂ ಅಲ್ಲಿವರೆಗೇ ಕರಗುವುದು. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವುದೇ. ಒಂದು ಇಂಚು ಅಗಲಕ್ಕೆ ಒಂದು ಗಂಟೆ ಅಂತ ಬಾಯಿಪಾಠ ಹೇಳುತ್ತೇವೆ. ಆದರೆ ಗಿರಾಕಿ ಮನೆಯಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ಮುಕ್ಕಾಲು ಗಂಟೆಗೆ ಫೂ ಅಂತ ಊದಿ ಮಲಗುತ್ತಾರೆ. ನಾನು ಅಷ್ಟು ದಿನ ಮೇಣವನ್ನೇ ಬೈಯುತ್ತಿದ್ದೆ.

ಗೆಳೆಯನಿಗೆ ಹೇಳಿದರೆ ನಕ್ಕ. "450 ರೂಪಾಯಿ ಕೊಟ್ಟವರು ಫ್ಯಾನ್ ಆರಿಸಿ ಸೆಖೆಯಲ್ಲಿ ಕೂತ್ಕೊಳ್ತಾರಾ? ಮೂರು ಗಂಟೆ ಯಾರು ಲೆಕ್ಕ ಇಡ್ತಾರೆ?" ಮಾತು ನಿಜವೇ. ಡಬ್ಬಿ ಮೇಲೆ "ಮೊದಲ ಸಲ 3 ಗಂಟೆ ಉರಿಸಿ" ಅಂತ ಅಂಟಿಸಿ 60 ಮಾರಿದೆ. ವಾಪಸ್ ಬಂದದ್ದು 7. ಓದಿದವರೂ ಮರೆತಿದ್ದರು.

ಅಮ್ಮನ ಒಂದು ಮಾತು ಕೆಲಸಕ್ಕೆ ಬಂತು. "ನಮ್ಮ ಮನೆಯಲ್ಲಿ ಗಂಟೆ ಲೆಕ್ಕ ಇಲ್ಲ. ಸಂಜೆ ದೀಪ ಹಚ್ಚಿದ ಹೊತ್ತು, ಊಟದ ಹೊತ್ತು, ಅಷ್ಟೇ." ಚೀಟಿ ಬದಲಾಯಿಸಿದೆ: "ಮೊದಲ ದಿನ ಸಂಜೆ ದೇವರ ದೀಪ ಹಚ್ಚುವಾಗ ಇದನ್ನೂ ಹಚ್ಚಿ. ರಾತ್ರಿ ಊಟಕ್ಕೆ ಕೂರುವಾಗ ಆರಿಸಿ. ಅಲ್ಲಿವರೆಗೆ ಆ ಕೋಣೆಯ ಫ್ಯಾನ್ ಬೇಡ." ಡಬ್ಬಿಗೆ ಅಂಟಿಸಲಿಲ್ಲ, ಬತ್ತಿಗೇ ದಾರದಲ್ಲಿ ಕಟ್ಟಿದೆ. ಚೀಟಿ ಬಿಚ್ಚದೆ ಹಚ್ಚಲು ಆಗುವುದಿಲ್ಲ. ಜೊತೆಗೆ ಗ್ಲಾಸ್ ಚಿಕ್ಕದು ಮಾಡಿದೆ. ಮೊದಲು ಎಂಟೂವರೆ ಸೆಂಟಿಮೀಟರ್ ಅಗಲ ಇತ್ತು, ಈಗ ಆರೂವರೆ. ಎರಡೂವರೆ ಗಂಟೆಗೆ ಅಂಚು ಮುಟ್ಟುತ್ತದೆ. ಮೇಣ ಕಡಿಮೆ ಹಿಡಿಯುತ್ತದೆ, ಬೆಲೆಯೂ 380ಕ್ಕೆ ಇಳಿಯಿತು.

ಕಳೆದ ದೀಪಾವಳಿಗೆ 210ರ ಹತ್ತಿರ ಮಾರಿದೆ. ವಾಪಸ್ ಬಂದದ್ದು ಎರಡು. ಗೆಳೆಯ ಈಗ ತನ್ನ ಗ್ಲಾಸುಗಳಿಗೂ ಚೀಟಿ ಕಟ್ಟುತ್ತಿದ್ದಾನೆ. ನನ್ನದೇ ಒಕ್ಕಣೆ, ಹೆಚ್ಚುಕಡಿಮೆ.

ಬತ್ತಿ ಕತ್ತರಿಸುವುದು ಗೊತ್ತಲ್ಲ, ಪ್ರತಿ ಸಲ ಹಚ್ಚುವ ಮುಂಚೆ ಐದಾರು ಮಿಲಿಮೀಟರ್ ಉಳಿಸಿ. 900 ರೂಪಾಯಿಯ ಕತ್ತರಿ ಬೇಡ, ಮೇಣ ಗ್ಲಾಸಿನ ಬಾಯಿ ಹತ್ತಿರ ಇರುವಷ್ಟು ದಿನ ಉಗುರು ಕಟರ್ ಸಾಕು. ಆರಿಸುವಾಗ ಊದಬೇಡಿ. ಅಮ್ಮ ಹಣತೆಯ ಬತ್ತಿಯನ್ನು ಕಡ್ಡಿಯಿಂದ ಎಣ್ಣೆಯೊಳಗೆ ಸರಿಸಿ ಶಾಂತ ಮಾಡುತ್ತಾರೆ. ದೀಪ ಊದಬಾರದು ಅನ್ನುವುದು ಅವರ ಕಾರಣ. ಕ್ಯಾಂಡಲ್‌ಗೂ ಹಾಗೇ ಮಾಡಿ ನೋಡಿದೆ, ಕರಗಿದ ಮೇಣದಲ್ಲಿ ಬತ್ತಿ ಅದ್ದಿ ಮತ್ತೆ ನೆಟ್ಟಗೆ ನಿಲ್ಲಿಸುವುದು. ಹೊಗೆಯೇ ಇಲ್ಲ, ಮುಂದಿನ ಸಲ ಬೇಗ ಹತ್ತುತ್ತದೆ. ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿಬಿಡಿ, ಗ್ಲಾಸ್ ಸೀಳುವ ಭಯ ಇದೆ.

ಸುರಿದ ಮೇಲೆ ಎರಡು ವಾರ ಮುಚ್ಚಿಡುತ್ತೇನೆ. ಸುರಿಯುವ ಮುಂಚೆ ಗ್ಲಾಸಿಗೆ ಏನು ಮಾಡುತ್ತೇನೆ, ಯಾವ ನಂಬರಿನ ಬತ್ತಿ ಅನ್ನುವುದನ್ನು ಮಾತ್ರ ಕೇಳಬೇಡಿ. ನಾಲ್ಕು ತಿಂಗಳು, ಮೂವತ್ತು ಸಾವಿರದ ಹತ್ತಿರ ಕಳೆದು ಹಿಡಿದದ್ದು ಅದು.

ಆ ಎರಡು ವಾಪಸ್ ಬಂದವಲ್ಲ, ಒಂದು ಕಿಟಕಿ ಪಕ್ಕ ಇಟ್ಟದ್ದು, ಒಂದೇ ಕಡೆ ವಾಲಿ ಕರಗಿತ್ತು. ಇನ್ನೊಂದಕ್ಕೆ ಬಾವಿಯೇ. ಈ ಸಲ ಹಣ ಕೊಡಲಿಲ್ಲ. ತಂದ ಗಿರಾಕಿಯ ಎದುರೇ ಗ್ಲಾಸಿನ ಬಾಯಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ನಡುವೆ ಎರಡು ರೂಪಾಯಿ ನಾಣ್ಯದಷ್ಟು ತೂತು ಬಿಟ್ಟು ಹಚ್ಚಿದೆ. ಬಿಸಿ ಒಳಗೇ ನಿಂತು ಗೋಡೆ ಕರಗಿತು. ಸುಮಾರು ಒಂದೂವರೆ ಗಂಟೆ ಹಿಡಿಯಿತು, ಎದ್ದು ಹೋಗದೆ ಪಕ್ಕದಲ್ಲೇ ಕೂತಿದ್ದೆವು. ಅಷ್ಟರಲ್ಲಿ ಆ ಯಜಮಾನರು ಎರಡು ಸಲ ಕಾಫಿ ಕುಡಿದು, ಹೋಗುವಾಗ ಮಲ್ಲಿಗೆಯದು ಇನ್ನೊಂದು ತೆಗೆದುಕೊಂಡು ಹೋದರು.