ಪುಟ್ಟ ಸ್ಪಿಟ್ಜ್ ಸಾಕುವವರಿಗೆ: ಬೊಗಳು, ಕೂದಲು, ಕುತ್ತಿಗೆ

ನಾಯಿಗಳ ಕೂದಲು ಬಾಚಿ ಕತ್ತರಿಸುವುದು ನನ್ನ ಕಸುಬು. ಪಾಮೇರಿಯನ್ ಎತ್ತಿಕೊಂಡು ಬರುವವರದು ಹೆಚ್ಚಾಗಿ ಎರಡೇ ದೂರು: ಬೊಗಳೋದು ನಿಲ್ಸಲ್ಲ, ಕೂದಲು ಉದುರೋದು ನಿಲ್ಲಲ್ಲ. ಎರಡೂ ಅದಕ್ಕೆ ಹುಟ್ಟಿನಿಂದಲೇ ಬಂದದ್ದು.

ಮೊನಚು ಕಿವಿ, ನರಿಯಂಥ ಮೂತಿ, ಬೆನ್ನಿಗೆ ಮಡಚಿದ ಬಾಲ ಇವೆಲ್ಲ ಸ್ಪಿಟ್ಜ್ ಬಳಗದ ಗುರುತು. ಪಾಮೇರಿಯನ್‌ಗೆ ಹೆಸರು ಬಂದದ್ದು ಬಾಲ್ಟಿಕ್ ಕರಾವಳಿಯ ಪೊಮೆರೇನಿಯಾದಿಂದ. ನಾಯಿ ತಳಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಲೆಕ್ಕದಲ್ಲಿ ಅದು ಜರ್ಮನ್ ಸ್ಪಿಟ್ಜ್‌ನ ಅತಿ ಚಿಕ್ಕ ರೂಪ, ಎತ್ತರ 18ರಿಂದ 24 ಸೆಂ.ಮೀ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು 24ರಿಂದ 30. ಜಪಾನೀಸ್ ಸ್ಪಿಟ್ಜ್ ಇನ್ನೂ ಸ್ವಲ್ಪ ದೊಡ್ಡದು, ಬರೀ ಬಿಳಿ. 1888ರಲ್ಲಿ ವಿಕ್ಟೋರಿಯಾ ರಾಣಿ ಫ್ಲಾರೆನ್ಸ್‌ನಿಂದ ಪಾಮೇರಿಯನ್ ತಂದ ಮೇಲೆ ಇಂಗ್ಲೆಂಡಿನಲ್ಲಿ ಸಣ್ಣ ನಾಯಿಗಳಿಗೇ ಬೇಡಿಕೆ ಏರಿತು. ಮೈ ಕುಗ್ಗಿತು, ಸ್ವಭಾವ ಕುಗ್ಗಲಿಲ್ಲ. ಜರ್ಮನ್ ಸ್ಪಿಟ್ಜ್‌ಗಳು ಮೂಲತಃ ಮನೆ, ಹೊಲ ಕಾಯುತ್ತಿದ್ದ ನಾಯಿಗಳು. ಬೇಟೆಯ ಹುಚ್ಚು ಕಡಿಮೆ, ಅಪರಿಚಿತರ ಮೇಲೆ ಅನುಮಾನ ಜಾಸ್ತಿ. ಎರಡು ಕೆಜಿ ತೂಗುವ ಪ್ರಾಣಿ ಬಾಗಿಲಿಗೆ ಬಂದವರನ್ನು ಹೆದರಿಸುವುದು ಇದೇ ಹಳೇ ನೌಕರಿಯ ಹುಮ್ಮಸ್ಸಿನಲ್ಲಿ.

ಆದ್ದರಿಂದ ಬೊಗಳಲೇಬಾರದು ಎಂದು ಹಟ ಹಿಡಿಯಬೇಡಿ, ಸಾಕು ಅಂದಾಗ ನಿಲ್ಲಿಸುವುದನ್ನು ಕಲಿಸಿ. ಕೂತಲ್ಲಿಂದಲೇ ಕೂಗಿದರೆ ನೀವೂ ದನಿಗೂಡಿಸಿದಿರಿ ಎಂದುಕೊಂಡು ಅದು ಇನ್ನಷ್ಟು ಬೊಗಳುತ್ತದೆ. ಎದ್ದು ಹೋಗಿ, ಅದು ನೋಡುತ್ತಿರುವ ಕಡೆ ನೀವೂ ನೋಡಿ, ಮೆಲ್ಲಗೆ ‘ಆಯ್ತು’ ಅನ್ನಿ. ಬಾಯಿ ಮುಚ್ಚಿದ ಕ್ಷಣವೇ ಚೂರು ತಿನಿಸು ಕೊಡಿ. ಮನೆಯವರೆಲ್ಲ ಅದೇ ಮಾತು ಬಳಸಬೇಕು. ಒಬ್ಬರು ‘ಆಯ್ತು’, ಇನ್ನೊಬ್ಬರು ‘ಶ್ಶ್’, ಮತ್ತೊಬ್ಬರು ಚಪ್ಪಲಿ ಎತ್ತಿದರೆ ನಾಯಿ ಏನೂ ಕಲಿಯುವುದಿಲ್ಲ. ಮರಿಯಿದ್ದಾಗಲೇ ಬಗೆಬಗೆಯ ಜನರನ್ನು ತೋರಿಸಿ. ಮುದ್ದು ಅಂತ ಸದಾ ಕಂಕುಳಲ್ಲೇ ಇಟ್ಟುಕೊಂಡರೆ ಅಂಜುಬುರುಕತನ ಬೆಳೆದು ಕಚ್ಚಲು ಶುರುಮಾಡುತ್ತದೆ.

ಇನ್ನು ಕೂದಲು. ಮೇಲೆ ಒರಟು, ಉದ್ದ. ಒಳಗೆ ಹತ್ತಿಯಂಥ ದಟ್ಟ ಪದರ. ಮೇಲ್ಮೇಲೆ ಬ್ರಷ್ ಆಡಿಸಿದರೆ ಹೊರಗೆ ನಯ, ಬುಡದಲ್ಲಿ ಗಂಟು. ಮೊದಲು ನೀರು ಸಿಂಪಡಿಸಿ, ಒಣ ಕೂದಲು ಮುರಿಯುತ್ತದೆ. ಕೂದಲನ್ನು ಒಂದು ಕೈಯಲ್ಲಿ ಮೇಲಕ್ಕೆತ್ತಿ ಹಿಡಿದು, ಚರ್ಮ ಕಾಣುವಂತೆ ಬೈತಲೆ ತೆಗೆದು, ಒಂದೊಂದೇ ಸಾಲು ಕೆಳಗಿಳಿಸುತ್ತ ಬಾಚಿ. ಕೊನೆಗೆ ಸ್ಟೀಲ್ ಬಾಚಣಿಗೆ ತಡೆಯಿಲ್ಲದೆ ಹರಿದರೆ ಮಾತ್ರ ಕೆಲಸ ಮುಗಿಯಿತು. ಕಿವಿಯ ಹಿಂದೆ, ಮುಂಗಾಲಿನ ಕಂಕುಳು, ತೊಡೆಯ ಹಿಂಭಾಗ ಇವೇ ಕಳ್ಳ ಜಾಗಗಳು. ಗಂಟು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನೂ ಬಿಗಿಯುತ್ತದೆ.

ಸೆಕೆ ಅಂತ ಬೋಳಿಸುವುದು ಮಾತ್ರ ಬೇಡ. ಕೇಳಿಕೊಂಡು ಬಂದವರಿಗೂ ನಾನು ಮಾಡಿಕೊಡುವುದಿಲ್ಲ. ಬಿಸಿಲಿನಿಂದ ಚರ್ಮವನ್ನು ಕಾಪಾಡುವುದು ಆ ಕೂದಲೇ, ಮೇಲಾಗಿ ಕೆಲವಕ್ಕೆ ಅದು ಮತ್ತೆ ಸರಿಯಾಗಿ ಬೆಳೆಯುವುದೇ ಇಲ್ಲ. ಸತ್ತ ಒಳಗೂದಲು ಬಾಚಿ ತೆಗೆಯಿರಿ, ನೆರಳು ಮತ್ತು ನೀರು ಕೊಡಿ.

ಕುತ್ತಿಗೆಗೆ ಬೆಲ್ಟ್ ಹಾಕಿ ಎಳೆಯಬೇಡಿ. ಈ ತಳಿಗಳ ಶ್ವಾಸನಾಳ ಕುಸಿಯುವುದುಂಟು. ಹೆಬ್ಬಾತು ಕೂಗಿದಂಥ ಒಣಕೆಮ್ಮು ಅದರ ಸೂಚನೆ. ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ. ಮಂಡಿಚಿಪ್ಪು ಜಾರುವ ತೊಂದರೆಯೂ ಸಾಮಾನ್ಯ, ಹಾಗಾಗಿ ಸೋಫಾದಿಂದ ಧುಮುಕಲು ಬಿಡಬೇಡಿ. ಹಲ್ಲು ಬೇಗ ಹಾಳಾಗುತ್ತದೆ, ಉಜ್ಜಿ.

ಮರಿ ಕೊಳ್ಳುವಾಗ ‘ಟೀಕಪ್’ ಎಂಬ ಮಾತಿಗೆ ಮರುಳಾಗಬೇಡಿ. ಅದು ಮಾರುವವರ ಪದ, ತಳಿಯಲ್ಲ. ಅತಿ ಚಿಕ್ಕ ಮರಿಗಳು ಒಂದೆರಡು ಹೊತ್ತು ಊಟ ತಪ್ಪಿದರೂ ರಕ್ತದ ಸಕ್ಕರೆ ಇಳಿದು ಬಿದ್ದುಹೋಗಬಹುದು. ನಾಲ್ಕೈದು ತಿಂಗಳಿಗೆ ಮರಿಗೂದಲು ಉದುರಿ ಮೂತಿ ಮಾತ್ರ ಎದ್ದುಕಂಡರೆ ಗಾಬರಿ ಬೇಡ, ದೊಡ್ಡ ಕೂದಲು ಬರುತ್ತದೆ. ಬೆಳೆದ ನಾಯಿಯ ಸೊಂಟ, ತೊಡೆ ಬೋಳಾಗಿ ಚರ್ಮ ಕಪ್ಪಾಗುತ್ತಿದ್ದರೆ ಶಾಂಪೂ ಬದಲಿಸುತ್ತ ಕೂರದೆ ವೈದ್ಯರಿಗೆ ತೋರಿಸಿ.