ಹಿಮಯುಗದ ವಯಸ್ಸು ಬೇಕಾದರೆ ಬೂದಿಯ ಪದರ ಹುಡುಕಿ

ಧಾರವಾಡದಿಂದ ಬಂದು ಪುಣೆಯಲ್ಲಿ ಭೂವಿಜ್ಞಾನ ಕಲಿಸುವ ನನ್ನನ್ನು ಇಲ್ಲಿನ ಕನ್ನಡದ ಹುಡುಗರು ಆಗಾಗ ಕೇಳುತ್ತಾರೆ: "ಮೇಡಂ, ಇಡೀ ಭೂಮಿ ಹೆಪ್ಪುಗಟ್ಟಿದ್ದು ಯಾವಾಗ ಅಂತ ಹೇಗೆ ಹೇಳ್ತಾರೆ?" ನಮ್ಮ ಪುಣೆಯ ವೇತಾಳ ಟೇಕಡಿ ಗುಡ್ಡದ ಕಪ್ಪು ಕಲ್ಲು ಇದಕ್ಕೆ ಉಪಯೋಗವಿಲ್ಲ. ಅದು ಸುಮಾರು 6.6 ಕೋಟಿ ವರ್ಷದ ಲಾವಾ. ನಮಗೆ ಬೇಕಾದದ್ದು ಅದರ ಹತ್ತು ಪಟ್ಟು ಹಳೆಯದು.

ಮೊದಲು ಹಿಮನದಿ ಬಿಟ್ಟುಹೋದ ಕಲ್ಲು ಗುರುತಿಸಿ. ಹಿಮಾಚಲದ ಸೋಲನ್ ಕಡೆಯ ಬ್ಲೈನಿ ಶಿಲೆಯಲ್ಲಿ ನುಣುಪು ಮಣ್ಣಿನೊಳಗೆ ದೊಡ್ಡ ಚಿಕ್ಕ ಕಲ್ಲುಗಳೆಲ್ಲ ಕಲಸಿಹೋಗಿವೆ. ಗುಡ್ಡ ಕುಸಿದರೂ ಹೀಗೇ ಆಗುತ್ತದೆ, ಅಲ್ವಾ? ಅದಕ್ಕೇ ಇಂಥ ಶಿಲೆ ಸಿಕ್ಕಾಗ ಕಲ್ಲುಗಳ ಮೈಮೇಲೆ ಹಿಮನದಿ ಉಜ್ಜಿದ ಗೀರು ಹುಡುಕಿ. ತೇಲುವ ಮಂಜುಗಡ್ಡೆಯಿಂದ ಬಿದ್ದ ಕಲ್ಲಿನ ಕೆಳಗೆ ಮಣ್ಣಿನ ಪದರ ತಗ್ಗಿರುತ್ತದೆ. ಅದು ಸಿಕ್ಕರೆ ಅನುಮಾನ ಬೇಡ.

ಈಗ ವಯಸ್ಸು. ಆ ಕಲ್ಲುಗಳನ್ನೇ ಅಳೆಯಬೇಡಿ. ಅವು ಹಳೇ ಬೆಟ್ಟಗಳ ಚೂರು. ಹಿಮ ತಮಗಿಂತ ಆಮೇಲೆ ಬಂತು ಅಂತ ಮಾತ್ರ ಹೇಳುತ್ತವೆ. ಅದೇ ಪದರಗಳ ನಡುವೆ, ಮೇಲೆ, ಕೆಳಗೆ ಜ್ವಾಲಾಮುಖಿಯ ಬೂದಿ ಹುಡುಕಿ; ಅದು ಬಿದ್ದದ್ದು ಆ ಪದರಗಳು ಕೂರುತ್ತಿದ್ದ ಕಾಲದಲ್ಲೇ. ಅದನ್ನು ಪುಡಿಮಾಡಿ, ಅಕ್ಕಿಯಲ್ಲಿ ಕಲ್ಲು ಗಾಳಿಸಿದ ಹಾಗೆ ನೀರಿನಲ್ಲಿ ಗಾಳಿಸಿದರೆ ಭಾರದ ಕಣಗಳು ತಳದಲ್ಲಿ ಉಳಿಯುತ್ತವೆ. ಅದರಲ್ಲಿ ಜಿರ್ಕಾನ್ ಹರಳುಗಳಿರುತ್ತವೆ. ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸಬೇಕು. ಈ ಕೆಲಸಕ್ಕೆ ತಾಳ್ಮೆ ಜಾಸ್ತಿ ಬೇಕು.

ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಸೇರಿಸಿಕೊಳ್ಳುವುದೇ ಇಲ್ಲ. ಹಾಗಾಗಿ ಒಳಗಿನ ಸೀಸವೆಲ್ಲ ಆಮೇಲೆ ಯುರೇನಿಯಂ ತಾನಾಗಿ ಕ್ಷಯಿಸಿ ಬಂದದ್ದು. ಯುರೇನಿಯಂ-238 ಅರ್ಧವಾಗಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಎರಡರ ಲೆಕ್ಕವೂ ಒಂದೇ ವಯಸ್ಸು ಕೊಟ್ಟರೆ ನಂಬಿ. ಸೀಸ ಸೋರಿದ ಭಾಗವನ್ನು ತೆಗೆಯಲು ಹರಳನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೊಳೆಯುತ್ತಾರೆ.

ನಮೀಬಿಯಾದಲ್ಲಿ ಹಿಮದ ಪದರಗಳ ನಡುವೆಯೇ ಸಿಕ್ಕ ಬೂದಿಗೆ ಸುಮಾರು 63.5 ಕೋಟಿ ವರ್ಷ. ಚೀನಾದಲ್ಲಿ ಹಿಮ ಕರಗಿದ ಮೇಲೆ ಕೂತ ಸುಣ್ಣದ ಪದರದ ಬೂದಿಗೂ ಹೆಚ್ಚುಕಡಿಮೆ ಅಷ್ಟೇ! ಎರಡು ಖಂಡ, ಒಂದೇ ಕರಗುವ ಕಾಲ. ಇದಕ್ಕಿಂತ ಹಿಂದಿನ ದೊಡ್ಡ ಹಿಮಯುಗ ಸುಮಾರು 71.7 ಕೋಟಿ ವರ್ಷದ ಹಿಂದೆ ಶುರುವಾಗಿತ್ತು. ಅದಕ್ಕೂ ಆಧಾರ ಕೆನಡಾದ ಯುಕಾನ್‌ನ ಜಿರ್ಕಾನ್‌ಗಳೇ.

ಬೂದಿ ಸಿಗಲಿಲ್ಲವೇ? ಕಪ್ಪು ಜೇಡಿಶಿಲೆ ಇದ್ದರೆ ಅದರ ರೀನಿಯಂ-ಆಸ್ಮಿಯಂ ಅಳೆಸಿ; ರೀನಿಯಂ ಲೋಹವೂ ಹೀಗೇ ನಿಧಾನವಾಗಿ ಆಸ್ಮಿಯಂ ಆಗುತ್ತದೆ. ಎರಡು ಊರಿನ ಶಿಲೆಗಳಲ್ಲಿ ಕಾರ್ಬನ್‌ನ ಹಗುರ, ಭಾರ ಬಗೆಗಳ ಪ್ರಮಾಣದ ಏರಿಳಿತ ಹೊಂದಿತು ಅಂತ ಸುಮ್ನೆ ವಯಸ್ಸು ಬರೆಯಬೇಡಿ. ಎಲ್ಲ ಕಡೆ ಒಟ್ಟಿಗೇ ಹೆಪ್ಪುಗಟ್ಟಿತು ಅಂತ ಮೊದಲೇ ಒಪ್ಪಿಕೊಂಡು ಅದನ್ನೇ ಸಾಬೀತು ಮಾಡಲು ಹೊರಟಂತೆ ಆಗುತ್ತದೆ.