ಗಂಟೆಯ ನಾದ ಮುಗಿಯುವವರೆಗೆ: ಪುಟ್ಟ ಮಕ್ಕಳಿಗೆ ಸಾವಧಾನ ಕಲಿಸುವ ಬಗೆ

‘ಗಮನ ಕೊಟ್ಟು ಕೇಳಿ’ ಎಂದು ಪ್ರಾಥಮಿಕ ಶಾಲೆಯ ಶಿಕ್ಷಕರು ದಿನಕ್ಕೆ ಎಷ್ಟು ಸಲ ಹೇಳುತ್ತಾರೋ ಲೆಕ್ಕವಿಲ್ಲ. ಆದರೆ ಗಮನ ಕೊಡುವುದೆಂದರೆ ಏನು ಮಾಡಬೇಕು ಎಂಬುದನ್ನು ಮಗ್ಗಿ, ಕಾಗುಣಿತಗಳಂತೆ ಕೂರಿಸಿಕೊಂಡು ಹೇಳಿಕೊಡುವುದು ಅಪರೂಪ. ಈಗ ಮೈಂಡ್‌ಫುಲ್‌ನೆಸ್, ಅಂದರೆ ಸಾವಧಾನ, ಎಂದು ಕರೆಯುತ್ತಿರುವ ಅಭ್ಯಾಸ ಮಾಡುವುದು ಈ ಕೆಲಸವನ್ನೇ: ಈ ಗಳಿಗೆಯಲ್ಲಿ ಕಿವಿಗೆ ಕೇಳಿದ್ದನ್ನು, ನಾಲಿಗೆಗೆ ತಾಕಿದ್ದನ್ನು, ಮನಸ್ಸಿಗೆ ಬಂದದ್ದನ್ನು ಸರಿ–ತಪ್ಪು ಎಂದು ತೂಗದೆ ಗಮನಿಸುವುದು. ಇದರ ಬೇರು ಪಾಲಿ ಭಾಷೆಯಲ್ಲಿ ‘ಸತಿ’ ಎನ್ನುವ ಬೌದ್ಧ ಸಾಧನೆಯಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಅದನ್ನು ಧಾರ್ಮಿಕ ಚೌಕಟ್ಟಿನಿಂದ ಹೊರತಂದು, ನೋವು ಮತ್ತು ಒತ್ತಡದಿಂದ ಬಳಲುವವರಿಗೆ ತರಬೇತಿಯಾಗಿ ರೂಪಿಸಿದರು. 2018ರ ಜುಲೈನಲ್ಲಿ ದೆಹಲಿ ಸರ್ಕಾರ ತನ್ನ ಶಾಲೆಗಳಲ್ಲಿ ಆರಂಭಿಸಿದ ‘ಹ್ಯಾಪಿನೆಸ್ ಕರಿಕ್ಯುಲಮ್’ ಮೂಲಕ ನರ್ಸರಿಯಿಂದ ಎಂಟನೇ ತರಗತಿಯವರೆಗಿನ ಮಕ್ಕಳ ದಿನಚರಿಗೂ ಅದು ಸೇರಿತು.

ಶುರು ಮಾಡುವ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಇದು ‘ಕೈ ಕಟ್ಟು, ಬಾಯಿ ಮುಚ್ಚು’ ಎಂಬ ಹಳೆಯ ಆಜ್ಞೆಯ ಹೊಸ ಹೆಸರಲ್ಲ. ಏಳು ವರ್ಷದ ಮಗುವಿಗೆ ‘ಸುಮ್ಮನೆ ಕೂತು ಮನಸ್ಸನ್ನು ಖಾಲಿ ಮಾಡಿಕೋ’ ಎಂದರೆ ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಗಮನ ನಿಲ್ಲಲು ಒಂದು ಸದ್ದು, ಒಂದು ರುಚಿ, ಉಸಿರಿನ ಏರಿಳಿತ, ಹೀಗೆ ಏನಾದರೂ ಒಂದು ವಸ್ತು ಬೇಕು. ಹಾಗೆಯೇ, ಕಲಿಸುವವರು ಕನಿಷ್ಠ ಎರಡು ವಾರವಾದರೂ ದಿನಕ್ಕೆ ಐದು ನಿಮಿಷ ತಾವೇ ಇದನ್ನು ಮಾಡಿ ನೋಡಿರಬೇಕು. ಮನಸ್ಸು ಎಷ್ಟು ಬೇಗ ಬೇರೆಡೆಗೆ ಓಡುತ್ತದೆ ಎಂಬುದನ್ನು ಸ್ವತಃ ಕಂಡವರು ಮಗು ಅತ್ತಿತ್ತ ನೋಡಿದರೆ ಗದರುವುದಿಲ್ಲ.

ಹೊತ್ತು ಯಾವುದಾದರೂ ಆಗಬಹುದು, ಆದರೆ ದಿನವೂ ಅದೇ ಹೊತ್ತಾಗಿರಲಿ. ಬಿಸಿಯೂಟ ಮುಗಿಸಿ, ಮೈದಾನದಲ್ಲಿ ಓಡಾಡಿ ಬಂದ ಮೇಲಿನ ಮೊದಲ ಅವಧಿಯ ಆರಂಭ ನನ್ನ ಅನುಭವದಲ್ಲಿ ಅತ್ಯಂತ ಸೂಕ್ತ. ಒಂದು–ಎರಡನೇ ತರಗತಿಗೆ ಎರಡು ನಿಮಿಷ ಸಾಕು. ನಾಲ್ಕು–ಐದನೇ ತರಗತಿಗೆ ಐದು ನಿಮಿಷ ದಾಟಿಸಬೇಡಿ.

ಮೊದಲ ವಾರ ಪೂರ್ತಿ ಕಿವಿಗೇ ಮೀಸಲಿಡಿ. ಪೂಜೆಯ ಗಂಟೆ ಬೇಡವೆನಿಸಿದರೆ ಕಂಚಿನ ತಟ್ಟೆಯನ್ನು ದಾರದಲ್ಲಿ ತೂಗಿಬಿಟ್ಟು ಮರದ ಕೋಲಿನಿಂದ ಒಮ್ಮೆ ತಟ್ಟಿ, ‘ಸದ್ದು ಪೂರ್ತಿ ನಿಂತಿತು ಅನ್ನಿಸಿದಾಗ ಕೈ ಎತ್ತಿ’ ಎಂದಷ್ಟೇ ಹೇಳಿ. ಕೈಗಳು ಒಟ್ಟಿಗೆ ಏಳುವುದಿಲ್ಲ. ಮುಂದಿನ ಸಾಲಿನವರ ಕೈ ಎದ್ದಾಗಲೂ ಕೊನೆಯ ಸಾಲಿನ ಹುಡುಗಿಯೊಬ್ಬಳು ತಲೆಯನ್ನು ಓರೆ ಮಾಡಿಕೊಂಡು, ಗೋಡೆಯೊಳಗಿಂದ ಏನೋ ಬರುತ್ತಿದೆಯೆಂಬಂತೆ ಇನ್ನೂ ಆಲಿಸುತ್ತಿರುತ್ತಾಳೆ. ಯಾರ ಕೈ ಸರಿಯಾಗಿ ಎದ್ದಿತು ಎಂದು ಹೇಳಲು ಹೋಗಬೇಡಿ. ಎರಡನೇ ಬಾರಿ ತಟ್ಟಿದಾಗ, ಗಂಟೆಯ ಸದ್ದು ಅಡಗಿದ ಮೇಲೆ ಇನ್ನೇನು ಕೇಳಿತು ಎಂದು ಕೇಳಿ. ಅಡುಗೆ ಕೋಣೆಯಲ್ಲಿ ಪಾತ್ರೆ ತೊಳೆಯುವುದು, ಪಕ್ಕದ ಕೊಠಡಿಯ ಮಗ್ಗಿ, ಯಾರದೋ ಮೂಗಿನ ಸೊರಸೊರ ಎಲ್ಲವೂ ಆಗ ಹೊರಬರುತ್ತವೆ.

ಎರಡನೇ ವಾರ ಉಸಿರಿಗೆ ಬನ್ನಿ. ಜಮಖಾನದ ಮೇಲೆ ಮಕ್ಕಳನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಒಂದೊಂದು ಕಾಗದದ ದೋಣಿ ಇಡಿ. ಉಸಿರು ಒಳಬಂದಾಗ ದೋಣಿ ಏರುತ್ತದೆ, ಹೊರಹೋದಾಗ ಇಳಿಯುತ್ತದೆ. ದೋಣಿಯನ್ನು ಬೀಳಿಸದೆ ಹತ್ತು ಉಸಿರುಗಳನ್ನು ಬೆರಳಿನಲ್ಲಿ ಎಣಿಸುವುದೇ ಪಾಠ. ಮಲಗಿಸಲು ಜಾಗವಿಲ್ಲದಿದ್ದರೆ ಕೂತಲ್ಲೇ ಹೊಟ್ಟೆಯ ಮೇಲೆ ಅಂಗೈ ಇಟ್ಟರಾಯಿತು. ಉಸಿರನ್ನು ಬಿಗಿಹಿಡಿಸುವುದು, ಜೋರಾಗಿ ಎಳೆಸುವುದು ಬೇಡವೇ ಬೇಡ. ಉಸಿರನ್ನು ನಿಧಾನವಾಗಿ ಹೊರಬಿಡುವಾಗ ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಹೃದಯದ ಬಡಿತ ತುಸು ತಗ್ಗುತ್ತದೆ. ಓಡಿಬಂದ ಮಗುವಿಗೆ ಅಷ್ಟೇ ಸಾಕು. ನೆಗಡಿಯಿಂದ ಮೂಗು ಕಟ್ಟಿದವರಿಗೆ, ಉಬ್ಬಸ ಇರುವವರಿಗೆ ಉಸಿರಿನ ಬದಲು ನೆಲಕ್ಕೆ ತಾಗಿದ ಅಂಗಾಲನ್ನು ಗಮನಿಸಲು ಹೇಳಬೇಕು.

ಮೂರನೆಯದು ತಿನ್ನುವ ಪಾಠ. ಕಬಾಟ್-ಜಿನ್ ತರಬೇತಿಯಲ್ಲಿ ಒಣದ್ರಾಕ್ಷಿ ಬಳಸುತ್ತಾರೆ. ನಮ್ಮ ಮಕ್ಕಳಿಗೆ ಕಡಲೆಕಾಯಿ, ಉತ್ತರ ಕರ್ನಾಟಕದವರ ಶೇಂಗಾ, ಇನ್ನೂ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅದರಲ್ಲಿ ಬಾಯಿಗೆ ಹಾಕುವ ಮೊದಲೇ ಗಮನಿಸಲು ಬೇಕಾದಷ್ಟಿದೆ. ತಲಾ ಒಂದೇ ಕಾಯಿ ಕೊಟ್ಟು, ಸಿಪ್ಪೆಯ ಮೇಲಿನ ಗೆರೆಗಳನ್ನು ಬೆರಳಿನಿಂದ ಮುಟ್ಟಲು, ಕಿವಿಯ ಬಳಿ ಅಲ್ಲಾಡಿಸಲು, ‘ಟಕ್’ ಎಂದು ಒಡೆಯಲು, ಬೀಜದ ಮೇಲಿನ ಕೆಂಪು ಹೊಟ್ಟನ್ನು ಉಜ್ಜಿ ಊದಲು, ಕಚ್ಚದೆ ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಲು, ಆಮೇಲೆ ನಿಧಾನವಾಗಿ ಅಗಿಯಲು ಒಂದೊಂದಾಗಿ ಹೇಳುತ್ತ ಹೋಗಿ. ಕಡಲೆಕಾಯಿ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಹಿಂದಿನ ದಿನವೇ ಪೋಷಕರಲ್ಲಿ ವಿಚಾರಿಸಿಕೊಳ್ಳಿ. ಇದ್ದರೆ ಇಡೀ ತರಗತಿಗೆ ಬಾಳೆಹಣ್ಣಿನ ತುಂಡು ಕೊಡಿ.

ಮನಸ್ಸಿನ ಸರದಿ ಕೊನೆಗೆ ಬರಬೇಕು, ಅದೂ ಮೈಯ ದಾರಿಯಿಂದಲೇ. ‘ನಿನಗೆ ಕೋಪ ಬಂದಿದೆಯಾ?’ ಎಂದರೆ ಮಗು ಇಲ್ಲವೆನ್ನುತ್ತದೆ. ‘ಕೋಪ ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ?’ ಎಂದು ಕೇಳಿದರೆ ಕಿವಿ ಬಿಸಿಯಾಗುವುದು, ಎದೆ ಡವಡವ ಎನ್ನುವುದು, ಗಂಟಲು ಕಟ್ಟುವುದು ಎಲ್ಲ ಹೊರಗೆ ಬರುತ್ತವೆ. ಅವುಗಳನ್ನು ಮಕ್ಕಳ ಮಾತಿನಲ್ಲೇ, ಮನೆಯಲ್ಲಿ ತುಳು, ಉರ್ದು, ತೆಲುಗು ಆಡುವವರಿದ್ದರೆ ಆ ಮಾತುಗಳಲ್ಲೂ, ಕಪ್ಪುಹಲಗೆಯ ಮೇಲೆ ಬರೆಯಿರಿ.

ಕೆಲವು ವಿಷಯಗಳಲ್ಲಿ ನಾನು ಹಟಮಾರಿ. ಕಣ್ಣು ಮುಚ್ಚಲು ಯಾರನ್ನೂ ಬಲವಂತಪಡಿಸಬಾರದು. ಮನೆಯಲ್ಲಿ ಪೆಟ್ಟು, ಜಗಳ ಕಂಡ ಮಗುವಿಗೆ ಕಣ್ಣು ಮುಚ್ಚುವುದೇ ಭಯವಾಗಬಹುದು, ಅದು ನೆಲ ನೋಡುತ್ತ ಕೂರಲಿ. ಗಲಾಟೆ ಮಾಡಿದವರಿಗೆ ಇದನ್ನು ಶಿಕ್ಷೆಯಾಗಿ ಕೊಡಬಾರದು, ಅಂಕವನ್ನೂ ಹಾಕಬಾರದು. ಅಭ್ಯಾಸದ ನಡುವೆ ಪದೇ ಪದೇ ಅಳುವ ಮಗುವನ್ನು ಅದರಿಂದ ಬಿಡಿಸಿ, ಬೇರೆಯಾಗಿ ಮಾತನಾಡಿಸಬೇಕು. ಇದರಲ್ಲಿ ಮಂತ್ರ, ಪೂಜೆ ಯಾವುದೂ ಇಲ್ಲವೆಂಬುದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲೇ ಮಾಡಿ ತೋರಿಸಿ.

ನಿರೀಕ್ಷೆಗೂ ಒಂದು ಅಳತೆ ಇರಲಿ. ಬ್ರಿಟನ್ನಿನಲ್ಲಿ 11ರಿಂದ 14 ವರ್ಷದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮಿರಿಯಡ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂದಾಗ, ಶಾಲೆಗಳಲ್ಲಿ ಆಗಲೇ ಇದ್ದ ಸಾಮಾಜಿಕ–ಭಾವನಾತ್ಮಕ ಬೋಧನೆಗಿಂತ ಈ ಪಾಠಗಳು ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೆಚ್ಚಿನದೇನನ್ನೂ ಕೊಡಲಿಲ್ಲವೆಂದು ತಿಳಿಯಿತು. ಬಹುತೇಕ ಮಕ್ಕಳು ತರಗತಿಯ ಹೊರಗೆ ಅದನ್ನು ಅಭ್ಯಾಸ ಮಾಡಿರಲೂ ಇಲ್ಲ. ಅವರು ನಮ್ಮ ಮಕ್ಕಳಿಗಿಂತ ದೊಡ್ಡವರು ನಿಜ, ಆದರೂ ಪರೀಕ್ಷೆಯ ಅಂಕ ಏರುತ್ತದೆ, ಹಟ ಇಳಿಯುತ್ತದೆ ಎಂದು ಪೋಷಕರಿಗೆ ಮಾತು ಕೊಡುವುದು ಸರಿಯಲ್ಲ.

ತಿಂಗಳು ಕಳೆದ ಮೇಲೆ ಗಂಟೆಯನ್ನು ಮಕ್ಕಳ ಕೈಗೆ ಕೊಡಿ, ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೊಬ್ಬರಂತೆ. ನಿಯಮ ಒಂದೇ: ಬಾರಿಸುವ ಮಗು ಕೋಲನ್ನು ಎತ್ತುವ ಮೊದಲು ತಾನು ಮೂರು ಉಸಿರು ಎಣಿಸಿಕೊಳ್ಳಬೇಕು, ಅಲ್ಲಿಯವರೆಗೆ ಉಳಿದವರು ಕಾಯಬೇಕು, ಮೇಷ್ಟರೂ ಕಾಯಬೇಕು.